ಆರು ಮೇಕೆಗಳಲ್ಲಿ ಐದು

ನೂರಿಪ್ಪತ್ತು ವರ್ಷಗಳ ಹಿಂದೆ ಮಾಲ್ಟಾ ದ್ವೀಪದ ವ್ಯಾಲೆಟ್ಟಾ ಪಟ್ಟಣದಲ್ಲಿ ಹಾಲು ಕ್ಯಾನಿನಲ್ಲಿ ಬರುತ್ತಿರಲಿಲ್ಲ, ಮೇಕೆಯ ಕೆಚ್ಚಲಲ್ಲೇ ಬರುತ್ತಿತ್ತು. ಬೆಳಗಾದರೆ ಕಲ್ಲು ಹಾಸಿದ ಇಳಿಜಾರು ಓಣಿಗಳಲ್ಲಿ ಮೇಕೆಯ ಹಿಂಡುಗಳು ಕಾಣಿಸಿಕೊಳ್ಳುತ್ತಿದ್ದವು. ಮನೆಯವರು ಬಾಗಿಲು ತೆರೆದು ಪಾತ್ರೆ ಮುಂದಿಟ್ಟರೆ ಹಿಂಡಿನವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಹಾಲು ಕರೆದು ಕೊಡುತ್ತಿದ್ದ. ಮಹಡಿಯ ಮೇಲೆ ಇರುವವರಿಗಾಗಿ ಮೇಕೆ ಮೆಟ್ಟಿಲು ಹತ್ತಿ ಹೋಗುವುದೂ ಇತ್ತು. ಕಣ್ಣೆದುರೇ ಕರೆದ ಹಾಲು, ನೀರು ಬೆರೆಸಲು ಎಡೆಯೇ ಇಲ್ಲ. ನೊರೆ ಆರುವ ಮೊದಲೇ ಮಕ್ಕಳ ಹೊಟ್ಟೆ ಸೇರುತ್ತಿತ್ತು. ಹಸುಗಳಿಗೆ ಬೇಕಾದಷ್ಟು ಮೇವು ಹುಟ್ಟದ ಆ ಕಲ್ಲುನೆಲದಲ್ಲಿ ಸುಮಾರು ಇಪ್ಪತ್ತು ಸಾವಿರ ಮೇಕೆಗಳಿದ್ದವು. ನೆಲ ತಾಗುವಂಥ ಕೆಚ್ಚಲಿನ ಆ ತಳಿಗೆ ದೂರದ ದೇಶಗಳಲ್ಲೂ ಹೆಸರಿತ್ತು.

ಅದೇ ದ್ವೀಪದಲ್ಲಿ ಒಂದು ಜ್ವರವೂ ಇತ್ತು. ಬ್ರಿಟಿಷರ ಮೆಡಿಟರೇನಿಯನ್ ನೌಕಾಪಡೆಗೆ ಮಾಲ್ಟಾ ದೊಡ್ಡ ನೆಲೆ. ಸಾವಿರಾರು ಸೈನಿಕರು, ನಾವಿಕರು ಬಂದು ಇಳಿಯುತ್ತಿದ್ದರು. ಬಂದ ಕೆಲವು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳ ಮೇಲೆ ಒಬ್ಬೊಬ್ಬರಾಗಿ ಮಲಗುತ್ತಿದ್ದರು. ಜ್ವರ ದಿನದಿನಕ್ಕೆ ಏರಿ, ಮೆಲ್ಲಗೆ ಇಳಿದು, ವಾಸಿಯಾಯಿತು ಎನ್ನುವಾಗ ಮತ್ತೆ ಏರುತ್ತಿತ್ತು. ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು. ಇಂದು ಮಂಡಿ, ನಾಳೆ ಸೊಂಟ, ನಾಡಿದ್ದು ಭುಜ ಎಂದು ಕೀಲಿನಿಂದ ಕೀಲಿಗೆ ಅಲೆಯುವ ನೋವು. ಕೆಲವರಿಗೆ ವೃಷಣದ ಬಾವು. ಕೊನೆಗೆ ಯಾವುದಕ್ಕೂ ಮನಸ್ಸಿಲ್ಲದ, ಯಾರೊಂದಿಗೂ ಮಾತು ಬೇಡವಾದ ಖಿನ್ನತೆ. ಸಾಯುವವರು ಕಡಿಮೆ, ಆದರೆ ತಿಂಗಳುಗಟ್ಟಲೆ ಆಸ್ಪತ್ರೆಯ ಮಂಚ ಬಿಡಲಾರದವರು ಬಹಳ. ಮಾಲ್ಟಾ ಜ್ವರ, ಜಿಬ್ರಾಲ್ಟರಿನಲ್ಲಿ ಬಂದರೆ ಬಂಡೆ ಜ್ವರ, ನೇಪಲ್ಸಿನಲ್ಲಿ ಬಂದರೆ ನೇಪಲ್ಸ್ ಜ್ವರ, ಹೀಗೆ ಊರಿಗೊಂದು ಹೆಸರು. ಜೆಫ್ರಿ ಮಾರ್ಸ್ಟನ್ ಎಂಬ ಸೈನ್ಯದ ವೈದ್ಯ ಈ ಜ್ವರದ ಲಕ್ಷಣಗಳನ್ನು ಟೈಫಾಯ್ಡಿನಿಂದ ಬೇರ್ಪಡಿಸಿ ಮೊದಲು ವಿವರವಾಗಿ ಬರೆದರು. ಅವರಿಗೇ ಆ ಜ್ವರ ಬಂದಿತ್ತು. ಮಲಗಿದ್ದಲ್ಲಿಂದಲೇ ಅದನ್ನು ಅರಿತವರು ಅವರು.

1884ರಲ್ಲಿ ಡೇವಿಡ್ ಬ್ರೂಸ್ ಎಂಬ ತರುಣ ಸೇನಾವೈದ್ಯ ಮಾಲ್ಟಾಕ್ಕೆ ಬಂದರು. ಜೊತೆಗೆ ಹೊಸದಾಗಿ ಮದುವೆಯಾದ ಹೆಂಡತಿ ಮೇರಿ. ಸೂಕ್ಷ್ಮದರ್ಶಕದ ಮುಂದೆ ಕೂತು ನೋಡುವ, ಚಿತ್ರ ಬರೆಯುವ, ರೋಗಾಣು ಬೆಳೆಸುವ ಕೆಲಸದಲ್ಲಿ ಮುಂದಿನ ನಲವತ್ತು ಚಿಲ್ಲರೆ ವರ್ಷ ಅವರು ಗಂಡನಿಗೆ ಸಮನಾಗಿ ದುಡಿದರು. ಜ್ವರದಿಂದ ಸತ್ತ ಸೈನಿಕರ ಗುಲ್ಮವನ್ನು ಕೊಯ್ದು ನೋಡಿದ ಬ್ರೂಸರಿಗೆ ಅದರೊಳಗೆ ಅತಿ ಚಿಕ್ಕ ದುಂಡನೆಯ ರೋಗಾಣುಗಳು ಕಂಡವು. ಮಾಲ್ಟಾದವರೇ ಆದ ವೈದ್ಯ ಜುಸೆಪ್ಪೆ ಕರುವಾನಾ ಶಿಕ್ಲುನಾ ಅವರ ನೆರವಿನಿಂದ ಅವನ್ನು ಅಗರ್ ಮೇಲೆ ಬೆಳೆಸಿದರು. ಉಳಿದ ರೋಗಾಣುಗಳಂತೆ ಇವು ಒಂದು ರಾತ್ರಿಯಲ್ಲಿ ಬೆಳೆಯುವುದಿಲ್ಲ. ದಿನಗಟ್ಟಲೆ ಏನೂ ಕಾಣದು, ಏನೂ ಇಲ್ಲವೆಂದು ಎಸೆಯುವ ಹೊತ್ತಿಗೆ ಸಣ್ಣ ಮುತ್ತಿನ ಬಣ್ಣದ ಚುಕ್ಕೆಗಳು ಏಳುತ್ತವೆ. ಬೆಳೆಸಿದ್ದನ್ನು ಕೋತಿಗೆ ಚುಚ್ಚಿದಾಗ ಕೋತಿಗೆ ಅದೇ ಜ್ವರ ಬಂತು. 1887ರಲ್ಲಿ ಈ ಶೋಧ ಅಚ್ಚಾಯಿತು. ರೋಗಾಣುವಿಗೆ ಮೈಕ್ರೊಕಾಕಸ್ ಮೆಲಿಟೆನ್ಸಿಸ್ ಎಂದು ಹೆಸರಾಯಿತು. ಮೆಲಿಟಾ ಎಂಬುದು ಮಾಲ್ಟಾದ ಹಳೆಯ ಹೆಸರು.

ಇಲ್ಲಿಗೆ ಅರ್ಧ ಕತೆ ಮುಗಿಯಿತು. ಅರ್ಧ ಎನ್ನಲು ಕಾರಣವಿದೆ. ಕಾಯಿಲೆಯ ಕಾರಣ ತಿಳಿದ ಮೇಲೂ ಹದಿನೆಂಟು ವರ್ಷ ಒಬ್ಬನೇ ಒಬ್ಬ ಮನುಷ್ಯನಿಗೂ ಅದರಿಂದ ರಕ್ಷಣೆ ಸಿಗಲಿಲ್ಲ. ರೋಗಾಣು ಗೊತ್ತು, ಅದು ಮೈಯೊಳಗೆ ಬರುವ ದಾರಿ ಗೊತ್ತಿಲ್ಲ. ಬಂದರಿನ ಕೊಳಚೆ ನೀರೇ ಕಾರಣ ಎಂದರು ಕೆಲವರು. ನೆಲದಿಂದ ಏಳುವ ಕೆಟ್ಟ ಗಾಳಿ ಎಂದರು, ಬ್ಯಾರಕ್ಕಿನ ಧೂಳು ಎಂದರು, ಸೊಳ್ಳೆ ಎಂದರು. ಈ ಎಲ್ಲ ಊಹೆಗಳನ್ನೂ ಅಡ್ಡಿಪಡಿಸುತ್ತಿದ್ದ ಒಂದು ಸಂಗತಿ ಎಲ್ಲರ ಕಣ್ಣ ಮುಂದೆಯೇ ಇತ್ತು. ಕೊಳಕಿನಿಂದ ಬರುವ ಕಾಯಿಲೆ ಬಡವರನ್ನು ಹೆಚ್ಚು ಹಿಡಿಯಬೇಕು. ಈ ಜ್ವರ ಸಿಪಾಯಿಗಳಿಗಿಂತ ಅಧಿಕಾರಿಗಳನ್ನು, ಅವರ ಹೆಂಡಿರು ಮಕ್ಕಳನ್ನು ಹೆಚ್ಚಾಗಿ ಹಿಡಿಯುತ್ತಿತ್ತು. ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದ ರೋಗಿಗಳಿಗೂ, ಅವರನ್ನು ನೋಡಿಕೊಳ್ಳುವ ದಾದಿಯರಿಗೂ ಬರುತ್ತಿತ್ತು. ಅಧಿಕಾರಿಯ ಚಹಾಕ್ಕೆ ಸಿಪಾಯಿಯ ಚಹಾಕ್ಕಿಂತ ಹೆಚ್ಚು ಹಾಲು ಬೀಳುತ್ತದೆ, ಆಸ್ಪತ್ರೆಯಲ್ಲಿ ನಿತ್ರಾಣಗೊಂಡವರಿಗೆ ಪಥ್ಯವೆಂದು ಕೊಡುವುದೂ ಹಾಲನ್ನೇ. ಇವೆರಡನ್ನೂ ಜೋಡಿಸಿ ನೋಡುವ ಯೋಚನೆ ಯಾರಿಗೂ ಬಂದಿರಲಿಲ್ಲ.

1897ರಲ್ಲಿ ಇಂಗ್ಲೆಂಡಿನ ನೆಟ್ಲಿ ಸೇನಾ ಆಸ್ಪತ್ರೆಯಲ್ಲಿ ಆಲ್ಮ್ರಾತ್ ರೈಟ್ ಮತ್ತು ಸೆಂಪಲ್ ಒಂದು ಸರಳ ಪರೀಕ್ಷೆಯನ್ನು ಈ ಜ್ವರಕ್ಕೆ ಹೊಂದಿಸಿದರು. ಜ್ವರ ಬಂದವರ ರಕ್ತದ ತಿಳಿಯನ್ನು, ಅಂದರೆ ಸೀರಮ್ಮನ್ನು, ರೋಗಾಣುಗಳು ತೇಲುತ್ತಿರುವ ದ್ರವಕ್ಕೆ ಸೇರಿಸಿದರೆ ಅವು ಒಂದಕ್ಕೊಂದು ಅಂಟಿ ಹೆಪ್ಪೊಡೆದ ಹಾಲಿನಂತೆ ಕಾಳುಕಾಳಾಗುತ್ತವೆ. ಸೋಂಕು ತಗಲದವರ ಸೀರಮ್ ಹಾಕಿದರೆ ದ್ರವ ಹಾಗೆಯೇ ಇರುತ್ತದೆ. ಇದಕ್ಕೆ ಗಾಜಿನ ಒಂದು ಕೊಳವೆ, ಒಂದು ಹನಿ ರಕ್ತ ಸಾಕು. ಈ ಪರೀಕ್ಷೆಯನ್ನು ಚೆನ್ನಾಗಿ ಬಲ್ಲ ಒಬ್ಬರು ಮಾಲ್ಟಾದಲ್ಲಿದ್ದರು.

ಅವರೇ ತೆಮಿಸ್ಟೊಕ್ಲೆ ಸಮ್ಮಿತ್. 1864ರಲ್ಲಿ ವ್ಯಾಲೆಟ್ಟಾದಲ್ಲೇ ಹುಟ್ಟಿದವರು, ಊರಿನವರಿಗೆ ತೆಮಿ. ವೈದ್ಯ, ಸರಕಾರದ ರಸಾಯನ ಪರೀಕ್ಷಕ. ಮಾಲ್ಟೀಸ್ ಭಾಷೆಯಲ್ಲಿ ಕತೆ ಬರೆಯುತ್ತಿದ್ದರು, ಮುಂದೆ ತಾರ್ಶೀನಿನ ಕಲ್ಲುಗಾಲದ ದೇಗುಲಗಳನ್ನು ಅಗೆಸಿ ತೆಗೆದವರೂ ಅವರೇ. ನೌಕಾಪಡೆ, ಭೂಸೇನೆ, ಮಾಲ್ಟಾದ ನಾಗರಿಕ ಸರಕಾರ ಮೂರೂ ಸೇರಿ ಕೇಳಿಕೊಂಡದ್ದರಿಂದ 1904ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಒಂದು ಜ್ವರ ಆಯೋಗವನ್ನು ನೇಮಿಸಿತು. ಅಧ್ಯಕ್ಷರು ಬ್ರೂಸ್. ಅಷ್ಟರಲ್ಲಿ ಅವರು ಆಫ್ರಿಕಾದಲ್ಲಿ ಸೆಟ್ಸೆ ನೊಣ ಕಾಯಿಲೆಗಳನ್ನು ಹರಡುತ್ತದೆ ಎಂದು ತೋರಿಸಿ ದೊಡ್ಡ ಹೆಸರಾಗಿದ್ದರು. ಮಾಲ್ಟಾದಲ್ಲಿ ನಿಂತು ಕೆಲಸ ಮಾಡಿದವರಲ್ಲಿ ಸೇನೆಯ ಮೇಜರ್ ವಿಲಿಯಂ ಹೊರಾಕ್ಸ್, ಕ್ಯಾಪ್ಟನ್ ಕೆನಡಿ, ನೌಕಾಪಡೆಯ ಶಾ ಮುಂತಾದವರಿದ್ದರು. ನಾಗರಿಕ ಸರಕಾರದ ಪರವಾಗಿ ಸಮ್ಮಿತ್ ಇದ್ದರು.

ಮೊದಲ ವರ್ಷ ಹಳೆಯ ಗುಮಾನಿಗಳನ್ನು ಒಂದೊಂದಾಗಿ ಒರೆಗೆ ಹಚ್ಚುವುದರಲ್ಲೇ ಕಳೆಯಿತು. ಧೂಳಿಗೆ ರೋಗಾಣು ಬೆರೆಸಿ ಕೋತಿಗಳ ಮೂಗಿಗೆ ಊದಿದರು. ಸೊಳ್ಳೆಗಳಿಂದ ಕಚ್ಚಿಸಿದರು. ಸಮುದ್ರದ ನೀರಿನಲ್ಲಿ, ಮಣ್ಣಿನಲ್ಲಿ ರೋಗಾಣು ಎಷ್ಟು ದಿನ ಬದುಕುತ್ತದೆ ಎಂದು ನೋಡಿದರು. ರೋಗಿಗಳ ಮೂತ್ರದಲ್ಲಿ ರೋಗಾಣು ಸಿಕ್ಕಿತು. ಆದರೆ ಸಾವಿರಾರು ಜನರನ್ನು ಹಿಡಿಯುವ ಹೆದ್ದಾರಿ ಯಾವುದು ಎಂಬುದು ಮಾತ್ರ ಸಿಗಲಿಲ್ಲ.

1905ರ ಜೂನ್ ತಿಂಗಳಿಗೆ ಬರೋಣ. ಪ್ರಯೋಗಕ್ಕೆಂದು ಕೆಲವು ಮೇಕೆಗಳನ್ನು ಕೊಂಡು ತರಲಾಗಿತ್ತು. ಈ ಜ್ವರ ಮೇಕೆಗೆ ತಗಲುವುದಿಲ್ಲ ಎಂಬುದೇ ಆಗಿನ ನಂಬಿಕೆ. ರೋಗಾಣು ಚುಚ್ಚಿ ಅದನ್ನು ಖಚಿತ ಮಾಡಿಕೊಳ್ಳುವುದಿತ್ತು. ಚುಚ್ಚುವ ಮೊದಲು ಅವುಗಳ ರಕ್ತ ಹೇಗಿದೆ ಎಂದು ತಿಳಿದಿರಬೇಕು, ಇಲ್ಲವಾದರೆ ಆಮೇಲೆ ಕಂಡ ಬದಲಾವಣೆ ಚುಚ್ಚಿದ್ದರಿಂದ ಆದದ್ದೋ ಮೊದಲೇ ಇದ್ದದ್ದೋ ಹೇಳಲಾಗದು. ಸಮ್ಮಿತ್ ಆರು ಮೇಕೆಗಳ ರಕ್ತ ತೆಗೆದರು, ಸೀರಮ್ ಬೇರ್ಪಡಿಸಿದರು, ರೋಗಾಣುವಿನ ದ್ರವಕ್ಕೆ ಬೆರೆಸಿದರು. ಆರರಲ್ಲಿ ಐದು ಮೇಕೆಗಳ ಸೀರಮ್ಮಿನಲ್ಲಿ ರೋಗಾಣುಗಳು ಕಾಳುಗಟ್ಟಿದವು.

ಕೊಂಡು ತಂದ ಮೇಕೆಗಳು ಗುಂಡುಗುಂಡಾಗಿದ್ದವು. ಮೇಯುತ್ತಿದ್ದವು, ಮೆಲುಕು ಹಾಕುತ್ತಿದ್ದವು, ಹಾಲು ಕೊಡುತ್ತಿದ್ದವು. ಜ್ವರವಿಲ್ಲ, ಕೆಮ್ಮಿಲ್ಲ, ಕೂದಲು ಕೆದರಿಲ್ಲ. ಹಿಂಡಿನಿಂದ ಆರಿಸಿ ತಂದವನು ಒಳ್ಳೆಯವನ್ನೇ ತಂದಿದ್ದ. ಆದರೂ ಅವುಗಳ ರಕ್ತದಲ್ಲಿ ಈ ರೋಗಾಣುವಿನ ಪರಿಚಯ ಬರೆದಿಟ್ಟಂತೆ ಇತ್ತು. ನನ್ನ ಮಟ್ಟಿಗೆ ಇಡೀ ಶೋಧದ ಕೀಲು ಇಲ್ಲಿದೆ. ಗುಲ್ಮದಲ್ಲಿ ರೋಗಾಣು ಕಂಡಷ್ಟು ರೋಮಾಂಚನ ಇದರಲ್ಲಿ ಕಾಣದೇ ಇರಬಹುದು. ದಿನಚರಿಯ, ಬೇಸರದ ಒಂದು ಪೂರ್ವಪರೀಕ್ಷೆ ಇದು. ಅದನ್ನು ಬಿಟ್ಟುಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಬಿಟ್ಟಿದ್ದರೆ, ರೋಗಾಣು ಚುಚ್ಚಿದ ಮೇಲೆ ರಕ್ತ ಕಾಳುಗಟ್ಟಿದ್ದನ್ನು ಕಂಡು ಅದು ಚುಚ್ಚಿದ್ದರ ಫಲವೆಂದೇ ಬಗೆದು ಮುಂದೆ ಹೋಗುತ್ತಿದ್ದರು. ಜ್ವರ ಇನ್ನೆಷ್ಟು ವರ್ಷ ಓಣಿ ಓಣಿ ಅಲೆಯುತ್ತಿತ್ತೋ.

ಮುಂದಿನದು ವೇಗವಾಗಿ ನಡೆಯಿತು. ಹೊರಾಕ್ಸ್ ಆ ಮೇಕೆಗಳ ಹಾಲನ್ನು ಅಗರ್ ಮೇಲೆ ಹರಡಿದರು, ಹಾಲಿನಲ್ಲೇ ಜೀವಂತ ರೋಗಾಣು ಸಿಕ್ಕಿತು. ಹಾಲು ನೋಡಲು, ಮೂಸಲು, ರುಚಿಗೆ ಏನೇನೂ ಕೆಟ್ಟಿರಲಿಲ್ಲ. ಆ ಹಾಲು ಕುಡಿಸಿದ ಕೋತಿಗಳಿಗೆ ಜ್ವರ ಬಂತು. ದ್ವೀಪದ ಹಿಂಡುಗಳನ್ನು ಹುಡುಕಿ ಹುಡುಕಿ ಪರೀಕ್ಷಿಸಿದಾಗ ಹೆಚ್ಚು ಕಡಿಮೆ ಅರ್ಧದಷ್ಟು ಮೇಕೆಗಳಿಗೆ ಸೋಂಕು ತಗಲಿತ್ತು. ಹತ್ತರಲ್ಲಿ ಒಂದು ಮೇಕೆ ಆ ದಿನ ಕೊಟ್ಟ ಹಾಲಿನಲ್ಲೇ ರೋಗಾಣು ಹೊರಹಾಕುತ್ತಿತ್ತು.

ಯಾರೂ ಹೂಡದ ಒಂದು ಪ್ರಯೋಗ ಇದೇ ವೇಳೆಗೆ ಸಮುದ್ರದ ಮೇಲೆ ನಡೆಯಿತು. ಮಾಲ್ಟಾ ಮೇಕೆಯ ಹಾಲಿನ ಖ್ಯಾತಿ ಕೇಳಿ ಅಮೆರಿಕದ ಕೃಷಿ ಇಲಾಖೆ ಆ ತಳಿಯನ್ನು ತನ್ನ ದೇಶಕ್ಕೆ ತರಿಸಿಕೊಳ್ಳಲು ಹೊರಟಿತ್ತು. 1905ರ ಆಗಸ್ಟಿನಲ್ಲಿ ಜೋಶುವಾ ನಿಕಲ್ಸನ್ ಎಂಬ ಹಡಗು ಅರವತ್ತಕ್ಕೂ ಹೆಚ್ಚು ಮೇಕೆಗಳನ್ನು ಹೊತ್ತು ಮಾಲ್ಟಾದಿಂದ ಆಂಟ್‌ವರ್ಪಿಗೆ ಹೊರಟಿತು. ದಾರಿಯಲ್ಲಿ ಧಾರಾಳವಾಗಿ ಸಿಕ್ಕ ಹಾಲನ್ನು ಹಡಗಿನವರು ಹಸಿಯಾಗಿಯೇ ಕುಡಿದರು. ಕುಡಿದವರಲ್ಲಿ ಬಹುಪಾಲು ಜನ ಮಾಲ್ಟಾ ಜ್ವರದಿಂದ ಮಲಗಿದರು. ಅಟ್ಲಾಂಟಿಕ್ ದಾಟಿದ ಮೇಕೆಗಳನ್ನು ನ್ಯೂಜೆರ್ಸಿಯ ಕ್ವಾರಂಟೈನಿನಲ್ಲಿ ಕಟ್ಟಿದ್ದಾಗ ಅಲ್ಲಿ ಆ ಹಾಲು ಕುಡಿದ ಒಬ್ಬ ಹೆಂಗಸಿಗೂ ಜ್ವರ ಬಂತು. ಕೊನೆಗೆ ಆ ಹಿಂಡನ್ನೇ ಕೊಲ್ಲಬೇಕಾಯಿತು. ಇತ್ತ ಹೊರಾಕ್ಸ್ ಜಿಬ್ರಾಲ್ಟರಿನ ದಾಖಲೆಗಳನ್ನು ತೆಗೆದು ನೋಡಿದರು. ಅಲ್ಲಿ ಬಂಡೆ ಜ್ವರ ಹತ್ತಿಪ್ಪತ್ತು ವರ್ಷಗಳಿಂದ ತಾನಾಗಿಯೇ ಇಳಿಯುತ್ತ ಬಂದಿತ್ತು. ಅದೇ ಅವಧಿಯಲ್ಲಿ ಮಾಲ್ಟಾದಿಂದ ಬರುವ ಮೇಕೆಗಳೂ ಕಡಿಮೆಯಾಗಿದ್ದವು.

1906ರ ಬೇಸಿಗೆಯಲ್ಲಿ ಸೇನೆ ಮತ್ತು ನೌಕಾಪಡೆಯ ಅಡುಗೆಮನೆಗಳಿಂದ ಮೇಕೆಹಾಲು ಹೊರಬಿತ್ತು, ಡಬ್ಬಿಯ ಹಾಲು ಒಳಬಂತು. 1905ರಲ್ಲಿ ಮಾಲ್ಟಾದ ಸೈನಿಕರಲ್ಲಿ ಆರುನೂರಕ್ಕೂ ಮಿಕ್ಕಿ ಜನ ಈ ಜ್ವರದಿಂದ ಮಲಗಿದ್ದರು. 1907ರಲ್ಲಿ ಮಲಗಿದವರು ಬೆರಳೆಣಿಕೆಯಷ್ಟು. ಔಷಧಿ ಇಲ್ಲ, ಲಸಿಕೆ ಇಲ್ಲ, ಊಟದ ಪಟ್ಟಿಯಿಂದ ಒಂದೇ ಒಂದು ವಸ್ತುವನ್ನು ತೆಗೆದದ್ದು ಅಷ್ಟೇ.

ಇದರ ಶ್ರೇಯಸ್ಸು ಯಾರಿಗೆ ಸೇರಬೇಕು? ಮೇಕೆಗಳನ್ನು ಪರೀಕ್ಷಿಸುವ ಸೂಚನೆ ಮೂಲತಃ ಯಾರದ್ದು ಎಂಬ ಬಗ್ಗೆ ಇತಿಹಾಸಕಾರರು ಇನ್ನೂ ಜಗ್ಗಾಡುತ್ತಿದ್ದಾರೆ. ಬ್ರೂಸರ ಮುಂದಿನ ವಿವರಣೆಗಳಲ್ಲಿ ಅದು ಆಯೋಗದ ಯೋಜನೆಯ ಒಂದು ಭಾಗವಾಗಿ ಕಾಣುತ್ತದೆ, ಸಮ್ಮಿತ್ ಕೈಕೆಲಸ ಮಾಡಿಕೊಟ್ಟವರಂತೆ ಹಿನ್ನೆಲೆಗೆ ಸರಿಯುತ್ತಾರೆ. 1920ರಲ್ಲಿ ಆ ರೋಗಾಣುವಿನ ಕುಲಕ್ಕೆ ಬ್ರೂಸೆಲ್ಲಾ ಎಂದು ನಾಮಕರಣವೂ ಆಯಿತು. ಮೊದಲು ರೋಗಾಣುವನ್ನು ಕಂಡವರ ಹೆಸರು ಅದಕ್ಕೆ ಇರುವುದು ನ್ಯಾಯವೇ. ಆದರೆ ಜ್ವರವನ್ನು ನಿಲ್ಲಿಸಿದ್ದು ರೋಗಾಣುವಿನ ಗುರುತಲ್ಲ, ಮೇಕೆಯ ಗುರುತು. ಸಾಮ್ರಾಜ್ಯದ ಅಧಿಕಾರಿಗಳ ಆಯೋಗದಲ್ಲಿ ಊರಿನವರಾಗಿ ಕೂತು ಅದನ್ನು ಮೊದಲು ಕಂಡವರು ಸಮ್ಮಿತ್. ಅವರಿಗೆ ಸರ್ ಪದವಿ ಬಂದದ್ದು 1930ರಲ್ಲಿ. ಮುಂದಿನ ವರ್ಷ ಬ್ರೂಸ್ ತೀರಿಕೊಂಡರು, ಹೆಂಡತಿ ಮೇರಿ ತೀರಿಕೊಂಡ ನಾಲ್ಕೇ ದಿನಕ್ಕೆ.

ಅಷ್ಟು ಆರೋಗ್ಯವಾಗಿ ಕಾಣುವ ಹಿಂಡಿನಲ್ಲಿ ಈ ಸೋಂಕು ಹೇಗೆ ಅಡಗಿ ಕೂರುತ್ತದೆ? ಇದಕ್ಕೆ ಉತ್ತರ ಸಿಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. ರೋಗಾಣುಗಳನ್ನು ನುಂಗಿ ಕೊಲ್ಲಬೇಕಾದ ರಕ್ತದ ಜೀವಕೋಶಗಳ ಒಳಗೇ ಬ್ರೂಸೆಲ್ಲಾ ಮನೆ ಮಾಡಿಕೊಂಡು ಬದುಕಬಲ್ಲದು. ಮೇಕೆ ಗಬ್ಬವಾದಾಗ ಅದಕ್ಕೆ ಹಬ್ಬ. ಮೇಕೆ, ಕುರಿ, ಹಸುಗಳ ಗರ್ಭದ ಕಸದಲ್ಲಿ ಎರಿಥ್ರಿಟಾಲ್ ಎಂಬ ಸಿಹಿ ಪದಾರ್ಥ ಧಾರಾಳವಾಗಿರುತ್ತದೆ, ಮನುಷ್ಯರ ಕಸದಲ್ಲಿ ಅದಿಲ್ಲ. ಈ ಪದಾರ್ಥ ಸಿಕ್ಕರೆ ಬ್ರೂಸೆಲ್ಲಾ ಮಿತಿಮೀರಿ ಬೆಳೆಯುತ್ತದೆ ಎಂದು 1960ರ ದಶಕದ ಆರಂಭದಲ್ಲಿ ಬ್ರಿಟಿಷ್ ವಿಜ್ಞಾನಿಗಳು ತೋರಿಸಿದರು. ಆ ಬೆಳವಣಿಗೆಗೆ ಕಸ ಕೊಳೆತು ಮೇಕೆ ಕಂದು ಹಾಕುತ್ತದೆ. ಬಿದ್ದ ಕಂದಿನಲ್ಲಿ, ಕಸದಲ್ಲಿ, ಆಮೇಲೆ ವಾರಗಟ್ಟಲೆ ಸೋರುವ ಸ್ರಾವದಲ್ಲಿ ಕೋಟ್ಯಂತರ ರೋಗಾಣುಗಳಿರುತ್ತವೆ. ಅದನ್ನು ಮೂಸಿದ, ನೆಕ್ಕಿದ, ಅದು ಬಿದ್ದ ಹುಲ್ಲು ಮೇಯ್ದ ಪಕ್ಕದ ಮೇಕೆಗೆ ಸೋಂಕು ದಾಟುತ್ತದೆ. ತಂಪಾದ ನೆರಳಿನ ಒದ್ದೆ ನೆಲದಲ್ಲಿ ರೋಗಾಣು ವಾರಗಟ್ಟಲೆ ಉಳಿದೀತು, ಸುಡುಬಿಸಿಲಿನಲ್ಲಿ ಬೇಗ ಸಾಯುತ್ತದೆ.

ಮಾಲಿಕನನ್ನು ದಾರಿ ತಪ್ಪಿಸುವುದು ಮುಂದಿನ ಹಂತ. ಒಮ್ಮೆ ಕಂದು ಹಾಕಿದ ಮೇಕೆ ಮುಂದಿನ ಸಲ ಸಾಮಾನ್ಯವಾಗಿ ನೆಟ್ಟಗೆ ಈಯುತ್ತದೆ. ಕಾಯಿಲೆ ಹೋಯಿತು ಎಂದು ಅವನು ನಿಟ್ಟುಸಿರು ಬಿಡುತ್ತಾನೆ. ಸೋಂಕು ಮಾತ್ರ ಕೆಚ್ಚಲಿಗೆ, ಅದರ ಹತ್ತಿರದ ಗಂಟುಗಳಿಗೆ ಸರಿದು ಕೂತು ಹಾಲಿನಲ್ಲಿ ಆಗಾಗ ಹೊರಬರುತ್ತಲೇ ಇರುತ್ತದೆ. ಸಂತೆಯಲ್ಲಿ ಕೊಂಡ ಒಂದು ಗಬ್ಬದ ಮೇಕೆ, ಸಾಲದ ಲೆಕ್ಕಕ್ಕೆ ಬದಲಾದ ಒಂದು ಹೋತ, ನಾಲ್ಕೂರಿನ ಹಿಂಡು ಒಟ್ಟಿಗೆ ಮೇಯುವ ಗೋಮಾಳ, ಇವು ಸಾಕು ಒಂದು ರೊಪ್ಪದಿಂದ ಇನ್ನೊಂದಕ್ಕೆ ಸೋಂಕು ಹೋಗಲು. ವ್ಯಾಲೆಟ್ಟಾದ ಹಿಂಡಿನವರು ತಮ್ಮ ಮೇಕೆಗಳಿಗೆ ಕಾಯಿಲೆ ಇಲ್ಲವೆಂದು ಹಟ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಅವರಿಗೆ ಕಾಣುತ್ತಿದ್ದುದು ತುಂಬಿದ ಕೆಚ್ಚಲು.

ಹಸುಗಳ ಕಡೆಯ ಕತೆ ಬೇರೆಯಾಗಿಯೇ ಓಡುತ್ತಿತ್ತು. ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿಯೇ ಹಸುಗಳು ಕಂದು ಹಾಕಲು ಕಾರಣವಾದ ರೋಗಾಣುವನ್ನು ಕಂಡಿದ್ದರು. ಅದೂ ಮೇಕೆಯದೂ ಹತ್ತಿರದ ದಾಯಾದಿಗಳು ಎಂದು 1918ರಲ್ಲಿ ತೋರಿಸಿದವರು ಅಮೆರಿಕದ ಆಲಿಸ್ ಇವಾನ್ಸ್. ಡಾಕ್ಟರೇಟ್ ಇಲ್ಲದ ಹೆಂಗಸಿನ ಮಾತನ್ನು ಬಹಳ ಹಿರಿಯರು ಒಪ್ಪಲಿಲ್ಲ. 1922ರಲ್ಲಿ ಪ್ರಯೋಗಾಲಯದಲ್ಲೇ ಸೋಂಕು ತಗಲಿ ಅವರು ವರ್ಷಾನುಗಟ್ಟಲೆ ನರಳಿದರು. ಹಾಲನ್ನು ಪಾಶ್ಚರೀಕರಿಸಬೇಕು ಎಂಬ ಅವರ ವಾದವನ್ನು ಅಮೆರಿಕ ನಿಧಾನವಾಗಿ ಒಪ್ಪಿಕೊಂಡಿತು.

ಮಾಲ್ಟಾದ ಊರವರ ಗತಿ ಏನಾಯಿತು ಎಂಬುದು ಈ ಶೋಧದ ಎದೆ ಭಾರ ಮಾಡುವ ಭಾಗ. ಸೇನೆಗೆ ಆಜ್ಞೆ ಹೊರಡಿಸಿದರೆ ಸಾಕಿತ್ತು. ಮನೆಮನೆಗೆ ಆಜ್ಞೆ ಹೊರಡಿಸುವಂತಿರಲಿಲ್ಲ. ಬಡವರ ಮಗುವಿಗೆ ಡಬ್ಬಿಯ ಹಾಲು ಕೊಳ್ಳುವ ಶಕ್ತಿಯಿರಲಿಲ್ಲ, ಕುದಿಸಿದರೆ ಹಾಲಿನ ಸತ್ವ ಹೋಗುತ್ತದೆ ಎಂಬ ನಂಬಿಕೆ ಬಲವಾಗಿತ್ತು, ಮೇಕೆಯೊಂದೇ ಬದುಕಿಗೆ ಆಧಾರವಾದ ಕುಟುಂಬಗಳಿಗೆ ಸೋಂಕಿನ ಮೇಕೆಯನ್ನು ಕೊಲ್ಲುವುದೆಂದರೆ ತುತ್ತು ಕಿತ್ತುಕೊಂಡಂತೆ. ಹೀಗೆ, ಸಮ್ಮಿತ್ ಕಂಡುಹಿಡಿದ ಸತ್ಯ ಪರದೇಶದ ಸೈನಿಕರನ್ನು ಒಂದೇ ವರ್ಷದಲ್ಲಿ ಕಾಪಾಡಿತು. ಅವರ ಸ್ವಂತ ಜನ ಮೂರು ದಶಕ ಅದೇ ಜ್ವರ ಅನುಭವಿಸಿದರು. ಮಾಲ್ಟಾದಲ್ಲಿ ಹಾಲು ಪಾಶ್ಚರೀಕರಿಸುವ ಕೇಂದ್ರ ತೆರೆದದ್ದು 1938ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಸಮ್ಮಿತ್ ತೀರಿಕೊಂಡಿದ್ದರು.

ಮೇಕೆಗಳಿಗೇ ಕೊಡಬಹುದಾದ ಲಸಿಕೆ ಬಂದದ್ದು ಇನ್ನೂ ತಡವಾಗಿ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್‌ಫರ್ಡ್ ಎಲ್ಬರ್ಗ್ ಮತ್ತು ಸಂಗಡಿಗರು ಬ್ರೂಸೆಲ್ಲಾದ ಒಂದು ತಳಿಯ ಉಗ್ರತೆಯನ್ನು ಇಳಿಸಿ ರೆವ್-1 ಎಂಬ ಲಸಿಕೆ ಮಾಡಿದರು. ಅದರಲ್ಲಿರುವುದು ಜೀವಂತ ರೋಗಾಣು, ಗಬ್ಬದ ಮೇಕೆಗೆ ಹಾಕಿದರೆ ಲಸಿಕೆಯೇ ಕಂದು ಹಾಕಿಸಬಹುದು. ಹಾಗಾಗಿ ಎಳೆಯ ಮರಿಗಳಿಗೆ ಹಾಕುತ್ತಾರೆ, ಕಣ್ಣಿಗೆ ಒಂದು ಹನಿ ಬಿಡುವ ಕ್ರಮವೂ ಬಂದಿದೆ. ಮೆಡಿಟರೇನಿಯನ್ ಸುತ್ತಿನ ದೇಶಗಳಲ್ಲಿ ಇದು ಬಹಳ ಕೆಲಸ ಮಾಡಿತು.

ನಮ್ಮಲ್ಲಿ ಈ ಕಂದು ಹಾಕುವ ರೋಗ ದೂರದ ಮಾತಲ್ಲ. ವಿಜಯಪುರದ ವೈದ್ಯರು ತಮ್ಮ ಆಸ್ಪತ್ರೆಗೆ ಬಂದ ಜ್ವರದ ರೋಗಿಗಳ ರಕ್ತವನ್ನು ವರ್ಷಾನುಗಟ್ಟಲೆ ಪರೀಕ್ಷಿಸಿ, ಮಕ್ಕಳಲ್ಲೂ ದೊಡ್ಡವರಲ್ಲೂ ಬ್ರೂಸೆಲ್ಲಾ ಇರುವುದನ್ನು 2004 ಮತ್ತು 2006ರಲ್ಲಿ ಪ್ರಕಟಿಸಿದ್ದಾರೆ. ಕಾಯಿಸದ ಮೇಕೆಹಾಲು ಕುಡಿದ ಮಕ್ಕಳು, ಕುರಿ ಮೇಕೆ ಸಾಕುವ ಮನೆಯವರು ಅವರಲ್ಲಿದ್ದರು. ಟೈಫಾಯ್ಡ್ ಎಂದೋ ಕ್ಷಯ ಎಂದೋ ಚಿಕಿತ್ಸೆ ಪಡೆದು ಸುತ್ತಾಡುವ ಸಾಧ್ಯತೆ ಇಂಥ ಜ್ವರದಲ್ಲಿ ಬಹಳ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಎಂಬ ರಾಷ್ಟ್ರೀಯ ಪಶುರೋಗ ಸಂಶೋಧನಾ ಸಂಸ್ಥೆ ದೇಶದ ಜಾನುವಾರು, ಕುರಿ, ಮೇಕೆಗಳಲ್ಲಿ ಈ ಸೋಂಕು ಎಲ್ಲೆಲ್ಲಿದೆ ಎಂದು ಲೆಕ್ಕವಿಡುತ್ತದೆ. 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬ್ರೂಸೆಲ್ಲಾ ಲಸಿಕೆ ಗೊತ್ತಾದದ್ದು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ಅಂದರೆ ಹಸು ಎಮ್ಮೆಗಳ ಕರುಗಳಿಗೆ. ಮನುಷ್ಯರಲ್ಲಿ ಅತಿ ಉಗ್ರವಾದ ಜ್ವರ ತರುವ ಮೆಲಿಟೆನ್ಸಿಸ್ ಮುಖ್ಯವಾಗಿ ಬರುವುದು ಮೇಕೆ ಕುರಿಗಳಿಂದ, ಅವು ಆ ಪಟ್ಟಿಯಲ್ಲಿರಲಿಲ್ಲ. ಇದನ್ನು ಕೊರತೆ ಎನ್ನದೆ ಬೇರೇನೂ ಹೇಳಲಾರೆ. ಹಸು ಕಟ್ಟಲಾಗದವರ ಮನೆಯ ಪ್ರಾಣಿ ಮೇಕೆ.

ಹಾಲು ಚೆನ್ನಾಗಿ ಉಕ್ಕಿದರೆ ರೋಗಾಣು ಸಾಯುತ್ತದೆ, ಕುಡಿಯುವವರ ಮಟ್ಟಿಗೆ ಅಷ್ಟು ಸಾಕು. ರೊಪ್ಪದಲ್ಲಿ ದುಡಿಯುವವರಿಗೆ ಸಾಲದು. ಈಯಲು ತಿಣುಕುವ ಮೇಕೆಗೆ ಬರಿಗೈ ಹಾಕಿ ಮರಿ ಎಳೆಯುವವರಿಗೆ, ಬಿದ್ದ ಕಂದನ್ನು ಎತ್ತಿ ನಾಯಿಗೆ ಎಸೆಯುವವರಿಗೆ ಸೋಂಕು ಹಾಲಿಲ್ಲದೆಯೇ ತಗಲುತ್ತದೆ, ಕೈಯ ಸಣ್ಣ ಗಾಯವೊಂದು ಸಾಕು. ಕಂದು ಹಾಕಿದ ಮೇಕೆಯನ್ನು ಬೇರೆ ಕಟ್ಟಬೇಕು, ಕಂದು ಮತ್ತು ಕಸವನ್ನು ಕೈಗೆ ಚೀಲ ಸುತ್ತಿಕೊಂಡು ಎತ್ತಿ ಸುಣ್ಣ ಹಾಕಿ ಆಳವಾಗಿ ಹೂಳಬೇಕು, ಪಶುವೈದ್ಯರಿಗೆ ಹೇಳಿ ರಕ್ತ ತೆಗೆಸಬೇಕು. ಆ ರಕ್ತದ ಮೇಲೆ ಇಂದು ಮೊದಲು ಮಾಡುವುದು ರೋಸ್ ಬೆಂಗಾಲ್ ಪರೀಕ್ಷೆ. ಗುಲಾಬಿ ಬಣ್ಣ ಕಟ್ಟಿದ ಸತ್ತ ಬ್ರೂಸೆಲ್ಲಾಗಳ ಹನಿಗೆ ಮೇಕೆಯ ಸೀರಮ್ಮಿನ ಹನಿ ಸೇರಿಸಿ ತಟ್ಟೆಯನ್ನು ನಾಲ್ಕು ನಿಮಿಷ ಆಡಿಸುತ್ತಾರೆ, ಕಾಳುಗಟ್ಟಿದರೆ ಸೋಂಕಿನ ಗುಮಾನಿ. ಒಂದು ಮೇಕೆಯ ಸೀರಮ್ಮಿನಲ್ಲಿ ಕಾಳುಗಟ್ಟಿದರೆ ರೊಪ್ಪದ ಉಳಿದವನ್ನೂ ನೋಡಬೇಕು, ಅವು ಎಷ್ಟೇ ಗುಂಡಗೆ ಕಂಡರೂ.